ಮುಳುಗಡೆ ಊರಿನ ಸಿನಿಮಾ

3 ಫೆಬ್ರವರಿ 2025

ಅವ್ವ ಇವತ್ತೂ ಗಂಜಿ ಉಗಿದಳು. ಎರಡು ಸಲ ಸೀರೆ ಬದಲಾಯಿಸಿದೆ — ನನ್ನದು. ಮತ್ತೆ 'ಸಿಸ್ಟರ್' ಅಂದಳು. ನರ್ಸ್ ಅಂದುಕೊಂಡಿದ್ದಾಳೆ. ಈ ಮರೆವು ವಾಸಿಯಾಗುವುದಲ್ಲ ಅಂತ ಡಾಕ್ಟರೇ ಹೇಳಿಯಾಗಿದೆ. ನನಗೆ ಎಲ್ಲ ಬೇಡ. ಒಂದು ಸಲ ನನ್ನ ಹೆಸರು ಹಿಡಿದು 'ಸರೋಜ' ಅಂದರೆ ಸಾಕು.

4 ಫೆಬ್ರವರಿ, ಮಧ್ಯಾಹ್ನ

ಪಾತ್ರೆ ತಿಕ್ಕುವಾಗ ಆ ಟೆಂಟ್ ಸಿನಿಮಾ ನೆನಪಾಯಿತು. ಆಗ ಮೂರನೇ ಕ್ಲಾಸು. ಜೀಪಿನ ಮೈಕಿನಲ್ಲಿ ಕೂಗಿಕೊಂಡು ಬಂದರು — "ನೋಡಿರಿ, ನೀರಿನಡಿಯ ಮುಳುಗಡೆ ಊರು!" ಎನ್.ಆರ್. ಪುರದಲ್ಲಿ ಕೂಗುವ ಮಾತೇ ಅದು? ಡ್ಯಾಮಿನ ನೀರಿಗೆ ಮನೆ ಬಿಟ್ಟುಕೊಟ್ಟವರು ಇಲ್ಲಿ ಎಷ್ಟು ಜನ. ಅವ್ವನೂ ಒಬ್ಬಳು. ತನ್ನೂರಿನದೇ ಸಿನಿಮಾ ಅಂತ ನಂಬಿ ಹೊರಟಳು.

ಇಂಗ್ಲಿಷ್ ಸಿನಿಮಾ. ಮಾತು ಯಾರಿಗೂ ತಿಳಿಯಲಿಲ್ಲ; ಯಾರ ಊರು ಬೇಕಾದರೂ ಆಗಬಹುದಿತ್ತು. ತಲೆಗೆ ಹಂಡೆ ಕವುಚಿಕೊಂಡಂಥ ಒಬ್ಬ ನೀರಿಗಿಳಿದ. ಮೆಟ್ಟಿಲು, ಬಾಗಿಲು. ಅವ್ವ ಎದ್ದು ನಿಂತು, "ಸರೋಜ, ನೋಡೇ, ನಮ್ಮನೆ!" ಅಂತ ಅತ್ತಳು. ಇಡೀ ಟೆಂಟೇ ನಕ್ಕಿತು.

ಆ ಸಿನಿಮಾ ತೋರಿಸಿದರೆ... ಹಾಗೇ ಕರೆದಾಳು.

11 ಫೆಬ್ರವರಿ

ಮೊಬೈಲ್ ಅಂಗಡಿಯ ಯೋಗೇಂದ್ರನ ಹತ್ತಿರ ಹೋಗಿದ್ದೆ. ಸಿನಿಮಾ ಹೆಸರು ಕೇಳಿದ. ಗೊತ್ತಿಲ್ಲ, ಹಂಡೆ ತಲೆಯವನದು ಅಂದೆ.

"ಎಂತ ಮಾರಾಯ್ತಿ, ಗೂಗಲ್ಲಿಗೆ ಹಂಡೆ ಅಂತ ಹಾಕ್ಲಾ?"

ನಕ್ಕ. ಆದರೂ ಹುಡುಕುತ್ತೇನೆ ಅಂದ.

19 ಫೆಬ್ರವರಿ

ಸಿಕ್ಕಿತು, ಯೂಟ್ಯೂಬಿನಲ್ಲಿ. ಮೊದಲು ಒಬ್ಬಳೇ ನೋಡಿದೆ. ಎಂಥ ದರಿದ್ರ ಸೆಟ್ಟು! ರಟ್ಟಿನ ಕಂಬ, ಗಾಜಿನ ಬಾಟಲಿಯೊಳಗೆ ಬಿಟ್ಟ ಮೀನು. ಬಾಗಿಲು ಅಲ್ಲಾಡಿಸುವ ದಾರವೂ ಕಾಣುತ್ತದೆ. ಇದನ್ನು ನೋಡಿ ಅತ್ತಳಲ್ಲ ನನ್ನ ಅವ್ವ. ಅಳು ಬಂತು.

ತೋರಿಸಲು ಧೈರ್ಯವಿಲ್ಲ. ಇದೂ ಕೈಕೊಟ್ಟರೆ ಮುಂದೆ ಏನೂ ಇಲ್ಲ.

27 ಫೆಬ್ರವರಿ

ನುಂಗುತ್ತಿಲ್ಲ. ನೀರೂ ಚಮಚದಲ್ಲಿ. "ಮನೆಯಲ್ಲೇ ಇರಲಿ ಬಿಡಿ" ಅಂದರು ಡಾಕ್ಟರು. ಆ ಮಾತಿನ ಅರ್ಥ ಗೊತ್ತು. ನಾಳೆ ತೋರಿಸುತ್ತೇನೆ.

28 ಫೆಬ್ರವರಿ, ಸಂಜೆ

ದಿಂಬಿಗೆ ಒರಗಿಸಿ ಫೋನು ಹಿಡಿದೆ. ಮೆಟ್ಟಿಲು ಬಂದಾಗ ಕೈ ಎತ್ತಿದಳು.

"ನಮ್ಮನೆ."

"ಹೌದವ್ವ, ನಮ್ಮನೆ. ನಾನ್ಯಾರು ಹೇಳು?"

ನನ್ನ ರಟ್ಟೆ ಹಿಡಿದಳು. ಅಷ್ಟು ಬಲ ಎಲ್ಲಿತ್ತೋ.

"ಸಿಸ್ಟರ್, ಬೇಗ ಯಾರನ್ನಾರ ಕರೀರಿ. ನಮ್ಮ ಸರೋಜ ಒಳಗೇ ಐತೆ. ನೀರು ಬರ್ತಾ ಐತೆ."

"ಅವ್ವ, ಇಲ್ಲೇ ಇದೀನಲ್ಲ!"

"ಈಜು ಬರಲ್ಲ ಅದಕ್ಕೆ..."

ಆ ಮನೆ ಮುಳುಗಿದಾಗ ನಾನು ಹುಟ್ಟಿಯೇ ಇರಲಿಲ್ಲ. ಫೋನು ಆಫ್ ಮಾಡಿದೆ. ಅವ್ವನ ಸಿನಿಮಾ ನಿಲ್ಲಲಿಲ್ಲ.

1 ಮಾರ್ಚ್, ಬೆಳಗ್ಗೆ

ರಾತ್ರಿಯೆಲ್ಲ ಕರೆದಳು — ಸರೋಜಾ, ಸರೋಜಾ. ಕೇಳಿಕೊಂಡಿದ್ದೆನಲ್ಲ, ಒಂದು ಸಲ ಸಾಕು ಅಂತ. ಪ್ರತಿ ಸಲವೂ "ಓ" ಅಂದೆ. ಪ್ರತಿ ಸಲವೂ ನನ್ನನ್ನೇ ಗದರಿದಳು.

"ಸುಮ್ನಿರಿ ಸಿಸ್ಟರ್. ನನ್ ಮಗಳು ಓ ಅಂದ್ರೆ ಕೇಳ್ಬೇಕಲ್ಲ."

ದನಿ ಸಣ್ಣದಾಗಿದೆ. ಈಗ ಮತ್ತೆ ಕರೆಯುತ್ತಿದ್ದಾಳೆ. ಓ ಅನ್ನಲೋ, ಸುಮ್ಮನಿರಲೋ— ದನಿ ನಿಂತಿತು.