ಯಾಯ್ರಾಳ ದೆವ್ವದ ಧಾರಾವಾಹಿ

ಸೆಲೋಮ್,

ನಾನು ಕೇಟಾ ಸಂತೆಗೆ ಹೊರಟೆ. ಮೀನಿನ ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ಇಬ್ಬರೂ ಊಟ ಮಾಡಿ.

ನಿನ್ನ ಮಗಳು ಯಾಯ್ರಾ ನೋಡ್ಬೇಕು ಅಂತ ಕೇಳ್ತಿರೋ ಆ ದೆವ್ವದ ಧಾರಾವಾಹಿ ಎರಡು ಕಂತು ನೋಡಿದೆ. ಮುಳುಗಿ ಸತ್ತ ಬೆಸ್ತ ಮನೆಗೆ ಬಂದು ಬಾಗಿಲು ತಟ್ತಾನೆ. ತಾಯಿಯಿಲ್ಲದ ಮಗುವಿಗೆ ಇದು ಬೇಡ ಅಂತ ನಿನ್ನ ಹಟ, ಗೊತ್ತು.

ಆದರೆ ಚಿಕ್ಕವರಿದ್ದಾಗ ಮೇಷ್ಟ್ರ ಮನೆ ಕಿಟಕಿಗೆ ಜೋತುಬಿದ್ದು ಅವರ ಟೀವಿಲಿ ನಾವೂ ಇಂಥದ್ದೇ ನೋಡ್ತಿದ್ವಲ್ಲ! ವಾಪಸ್ ಬರುವಾಗ ಹಿನ್ನೀರಿನ ದಂಡೆಯುದ್ದಕ್ಕೂ ನೀನು ನನ್ನ ಲಂಗ ಹಿಡ್ಕೊಂಡು ಅಳ್ತಿದ್ದೆ, ಮಾರನೇ ವಾರ ನನಗಿಂತ ಮುಂಚೆ ಓಡ್ತಿದ್ದೆ. ಅಪ್ಪ “ಎಲ್ಲಿ, ದೆವ್ವ ಹೇಗೆ ನಡೀತು? ತೋರಿಸೋ ಪುಕ್ಕಲ” ಅಂತ ನಿನ್ನನ್ನ ನಗಿಸಿಬಿಡ್ತಿದ್ರು.

ನೋಡಲಿ ಬಿಡು. ಹಗಲಲ್ಲೇ ಹಾಕು, ನಿನ್ನ ಫೋನ್ ಕೆಳಗಿಟ್ಟು ಅವಳ ಪಕ್ಕದಲ್ಲೇ ಕೂತ್ಕೋ. ಅವಳಮ್ಮ ಹೋದಮೇಲೆ ಮಗು ಬಾಯಿಬಿಟ್ಟು ಏನಾದರೂ ಕೇಳಿದ್ದು ಇದೇ ಮೊದಲು ಕಣೋ.

ಅಕ್ಕ ಜಿಫಾ