ಬಿಟ್ಟಾಯ್ತು, ಸರ್

ಫೆಬ್ರವರಿ 3, ಸೋಮವಾರ

ಹಾಜರಿ ಇಪ್ಪತ್ತಮೂರು. ಡೀಸೆಲ್ ಸೊನ್ನೆ.

ಹತ್ತಕ್ಕೆ ಎಲ್ಲರನ್ನೂ ತರಬೇತಿ ದೋಣಿಗೆ ಹತ್ತಿಸಿದೆ. ಮೊದಲ ಪಾಠ, ದೋಣಿಯನ್ನು ಜೆಟ್ಟಿಗೆ ಕಟ್ಟಿದ ಹಗ್ಗ. 'ಹಿಂದಿನ ಹಗ್ಗ ಬಿಡು' ಅಂದರೆ ಬಿಚ್ಚಬೇಕು, ಎಳೆದುಕೊಳ್ಳಬೇಕು, 'ಬಿಟ್ಟಾಯ್ತು, ಸರ್' ಎಂದು ಕೂಗಬೇಕು. ನನ್ನ ತಂಗಿಯ ಮಗಳು ಮೆಣಸು ಇದೇ ಬ್ಯಾಚು — ಆಳು ಚೋಟುದ್ದ, ಖಾರ ಮೊಳದುದ್ದ. ಹೇಳಿದ್ದೇ ತಡ, ಬಿಚ್ಚಿಯೇ ಬಿಟ್ಟಳು. ಇಂಜಿನ್ ಓಡದ ದೋಣಿ ಗಾಳಿಗೆ ಒಂದು ಮಾರು ಸರಿಯಿತು.

ಪ್ರಿನ್ಸಿಪಾಲರು ಕಿಟಕಿಯಲ್ಲೇ ಕುಣಿದರು. ಇನ್ಶೂರೆನ್ಸ್ ಮುಗಿದಿದೆಯಂತೆ. ದೋಣಿ ಜೆಟ್ಟಿ ಬಿಟ್ಟು ಅಲುಗಕೂಡದಂತೆ.

ಮಕ್ಕಳಿಗೆ ಹೇಳಿದೆ: "ಬಾಯಲ್ಲಿ ಹೇಳಿ, ಸಾಕು. ಹಗ್ಗಕ್ಕೆ ಕೈ ಹಚ್ಚಬೇಡಿ."

ಕೈ ಕೆಸರಾಗದೆ ಬಾಯಿ ಮೊಸರು. ಇದೇ ನಮ್ಮ ಸಿಲೆಬಸ್ಸು.

ಫೆಬ್ರವರಿ 11. ಸಂಜೆ

ಪ್ರಿನ್ಸಿಪಾಲರಿಗೆ ಮಕ್ಕಳು ಇಟ್ಟ ಹೆಸರು ಸ್ಲೈಡ್ ಸಾಹೇಬರು. ಸಮುದ್ರವನ್ನು ಅವರು ಗೋಡೆಯ ಮೇಲೆ ತೋರಿಸುತ್ತಾರೆ. ಕರೆಂಟು ಹೋದರೆ ಸಮುದ್ರವೂ ಹೋಗುತ್ತದೆ.

ಇವತ್ತು ಕರೆದು ಮಕ್ಕಳ ಗಂಟೆಗಳ ಲೆಕ್ಕ ಬರೆಯುವ ಪುಸ್ತಕಗಳನ್ನು ಮುಂದಿಟ್ಟರು, ಒಂದು ವಾರದ್ದು. ಸರ್ಟಿಫಿಕೇಟಿಗೆ ಒಬ್ಬೊಬ್ಬರೂ ಅರವತ್ತು ಗಂಟೆ ಸಮುದ್ರದಲ್ಲಿ ಕೆಲಸ ಮಾಡಿರಬೇಕು. ದಿನಕ್ಕೆ ಎರಡು ಗಂಟೆ. ಸಹಿ ನನ್ನದು. ದೋಣಿ ಎಲ್ಲಿಗೂ ಹೋಗಿಲ್ಲವಲ್ಲ ಸರ್, ಅಂದೆ.

"ದೋಣಿ ನೀರಿನ ಮೇಲಿದೆಯೋ ಇಲ್ವೋ?"

"ಇದೆ."

"ಆ ನೀರು ಸಮುದ್ರದ್ದೋ ಅಲ್ವೋ?"

"ಹೌದು."

"ಮತ್ತೆ?"

ಮೂವತ್ತು ವರ್ಷ ಹಡಗು ಎಳೆಯುವ ಟಗ್ಗಿನಲ್ಲಿದ್ದೆ. ಡೆಕ್ ತೊಳೆಯುವುದರಿಂದ ಶುರು ಮಾಡಿ ಚುಕ್ಕಾಣಿವರೆಗೆ ಬಂದೆ. ಎಂತೆಂಥ ದಲ್ಲಾಳಿಗಳ ಬಾಯಿ ಮುಚ್ಚಿಸಿದ್ದೇನೆ. ಇಲ್ಲಿ ಮೂರು ಪ್ರಶ್ನೆಗೆ ತಲೆ ಆಡಿಸಿ, ಸಹಿ ಹಾಕಿ ಬಂದೆ. ನನ್ನ ಕಾಂಟ್ರ್ಯಾಕ್ಟು ವರ್ಷಕ್ಕೊಮ್ಮೆ ನವೀಕರಣ, ಅದೂ ಅವರ ಕೈಯಲ್ಲೇ. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಫೆಬ್ರವರಿ 24

ಹಗ್ಗ ನೀರಿಗೆ ತಾಗುವ ಜಾಗದಲ್ಲಿ ಚಿಪ್ಪು ಹತ್ತಿಕೊಂಡಿದೆ. ಇದು ಎಲ್ಲಿಗೂ ಹೋಗುವ ದೋಣಿಯಲ್ಲ ಎಂದು ಚಿಪ್ಪಿನೊಳಗಿನ ಹುಳಕ್ಕೂ ಗೊತ್ತಾಗಿದೆ; ಸಂಸಾರ ಹೂಡಿದೆ. ಮೆಣಸು ಎಣಿಸಿ ಹೇಳಿದಳು — ನಲವತ್ತೊಂದು. ತರಬೇತಿ ಪಡೆದವರ ಲೆಕ್ಕಕ್ಕೆ ಇವನ್ನೂ ಸೇರಿಸೋಣವೇ ಸರ್, ಅಂತ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ಅವಳಿಗೆ ಸರಕು ಹಡಗಿನಲ್ಲಿ ಕೆಲಸ ಖಾತ್ರಿಯಾಗಿದೆ. ಮಾರ್ಚ್ 31ರೊಳಗೆ ಸರ್ಟಿಫಿಕೇಟು ತೋರಿಸಬೇಕು. ತಂಗಿ ಆ ಕೆಲಸದ ಪತ್ರಕ್ಕೆ ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದಾಳೆ. ಅಣ್ಣನೇ ಕಲಿಸುವಾಗ ಇನ್ನೇನು ಯೋಚನೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಮಾರ್ಚ್ 14, ಶುಕ್ರವಾರ

ಅರವತ್ತು ಗಂಟೆ ಭರ್ತಿ. ಇಪ್ಪತ್ತಮೂರು ಪುಸ್ತಕ, ಇಪ್ಪತ್ತಮೂರು ಕೊನೆಯ ಸಹಿ. ಪೆನ್ನಿನ ಶಾಯಿ ಮುಗಿಯಿತು. ಸಾಹೇಬರು ತಮ್ಮದೇ ಪೆನ್ನು ಕೊಟ್ಟರು. ಇಂಥದ್ದಕ್ಕೆ ಮಾತ್ರ ಈ ಆಫೀಸಿನಲ್ಲಿ ಏನೂ ಕೊರತೆಯಿಲ್ಲ.

ಗೇಟಿಗೆ ಬ್ಯಾನರು ಕಟ್ಟಿದ್ದಾರೆ: 'ದೇಶದ ಸಾಗರ ಸಂಪತ್ತಿಗೆ ಹತ್ತು ಸಾವಿರ ನುರಿತ ಕೈಗಳು.' ಬ್ಯಾನರು ದೋಣಿಗಿಂತ ಉದ್ದ. ಸೋಮವಾರ ರಾಜಧಾನಿಯಿಂದ ದೊಡ್ಡ ಅಧಿಕಾರಿ ಬರುತ್ತಾರೆ.

ಮಾರ್ಚ್ 17. ಆಸ್ಪತ್ರೆ ಬೆಂಚು. ಸಂಜೆ 4

ಬರೆದಿಡಬೇಕು, ಈಗಲೇ, ಇದ್ದದ್ದು ಇದ್ದ ಹಾಗೆ.

ಬೆಳಿಗ್ಗೆ ಎರಡು ಕ್ಯಾನ್ ಡೀಸೆಲ್ ಬಂತು. ನಾನು ದೋಣಿಯಲ್ಲಿರುತ್ತೇನೆ ಅಂದೆ. ಬೇಡ, ಅಧಿಕಾರಿ ಏನಾದರೂ ಕೇಳಿದರೆ ಹೇಳುವುದಕ್ಕೆ ನೀವು ಜೆಟ್ಟಿಯ ಮೇಲೆ ಬೇಕು ಅಂದರು ಸ್ಲೈಡ್ ಸಾಹೇಬರು. ಫೋಟೋದಲ್ಲಿ ಯೂನಿಫಾರ್ಮು ಬೇಕಿತ್ತು, ಅಷ್ಟೆ.

ಅಧಿಕಾರಿ, ಒಂದು ಸುತ್ತು ಹೋಗಿ ಬರಲಿ ನೋಡೋಣ, ಅಂದರು. ಚುಕ್ಕಾಣಿಯಲ್ಲಿದ್ದವನು ಹಗ್ಗ ಬಿಡಿ ಎಂದು ಕೂಗಿದ. ಮುಂದಿನಿಂದ ಬಂತು, ಬಿಟ್ಟಾಯ್ತು, ಸರ್. ಹಿಂದಿನಿಂದ ಮೆಣಸಿನ ದನಿ — ಬಿಟ್ಟಾಯ್ತು, ಸರ್. ಗಂಟೆ ಬಾರಿಸಿದ ಹಾಗಿತ್ತು. ಅಧಿಕಾರಿ ಚಪ್ಪಾಳೆ ತಟ್ಟಿದರು.

ಎರಡು ಹಗ್ಗವೂ ಇದ್ದಲ್ಲೇ ಇದ್ದವು.

ಆರು ವಾರ ಹಾಗೇ ಕಲಿತವರು. ಬಾಯಿಗೆ ಬರುತ್ತದೆ, ಕೈಗೆ ಗೊತ್ತಿಲ್ಲ. ನಾನು ಕೂಗಿದೆ. ಮೈಕಿನಲ್ಲಿ ದೇಶದ ಭವಿಷ್ಯ ನಡೆಯುತ್ತಿತ್ತು, ಯಾರಿಗೂ ಕೇಳಲಿಲ್ಲ. ಇಂಜಿನ್ ಗುರ್ ಎಂದಿತು, ದೋಣಿ ಎರಡು ಮಾರು ಮುಂದೆ ನುಗ್ಗಿತು, ಹಿಂದಿನ ಹಗ್ಗ ಬಿಗಿದು ಹಿಂಡಿದ ಬಟ್ಟೆಯಂತೆ ನೀರು ಸುರಿಸಿತು. ಮೆಣಸಿಗೆ ಆಗ ಕಂಡಿತು. ಬಿಚ್ಚಲು ಕೈ ಹಾಕಿದಳು.

ಬಿಗಿದ ಹಗ್ಗಕ್ಕೆ ಕೈ ಹಾಕಬಾರದು. ಟಗ್ಗಿನಲ್ಲಿ ಮೊದಲ ದಿನವೇ ಬೈದು ಕಲಿಸುವ ಪಾಠ. ನಾನು ಕಲಿಸಿರಲಿಲ್ಲ. ನಮ್ಮ ಹಗ್ಗ ಎಂದೂ ಬಿಗಿದೇ ಇರಲಿಲ್ಲವಲ್ಲ.

ಬಲಗೈ. ಹಗ್ಗಕ್ಕೂ ಕಬ್ಬಿಣದ ಗೂಟಕ್ಕೂ ನಡುವೆ. ಎರಡು ಬೆರಳು.

ಮಾರ್ಚ್ 18

ಒಂದು ಬೆರಳು ಉಳಿಯುತ್ತದೆ, ಮಡಿಸಲು ಬರುವುದು ಅನುಮಾನ. ಇನ್ನೊಂದನ್ನು ತೆಗೆದರು.

ಎಚ್ಚರವಾದಾಗ ಅತ್ತಿರಲಿಲ್ಲ. ಕ್ಲಾಸಿನಲ್ಲಿ 'ಸರ್' ಅನ್ನುವವಳು ಇವತ್ತು 'ಮಾವ' ಅಂದಳು.

"ಮಾವ, ನೀವು ಹೇಳಿದ ಹಾಗೇ ಮಾಡಿದ್ನಲ್ಲಾ?"

ತಂಗಿ ಬಾಗಿಲಲ್ಲಿದ್ದಳು. ಬೈದಿದ್ದರೆ ಆಗುತ್ತಿತ್ತು.

ಮಾರ್ಚ್ 27

ಎಂಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇವತ್ತು ಬಂತು.

ವರದಿ ಸಿದ್ಧ. 'ತರಬೇತಾರ್ಥಿಯ ಅಜಾಗರೂಕತೆ.' ಆಧಾರ? ಅರವತ್ತು ಗಂಟೆ ಸಮುದ್ರದಲ್ಲಿ ಕೆಲಸ ಮಾಡಿದ ಅನುಭವಿ; ಹಗ್ಗ ಬಿಡದೆ ಬಿಟ್ಟೆನೆಂದು ಸುಳ್ಳು ಕೂಗಿದಳು. ಕೆಳಗೆ ಅವಳ ಪುಸ್ತಕದ ನಕಲು. ಪ್ರತಿ ಪುಟದಲ್ಲೂ ನನ್ನ ಸಹಿ, ಎಷ್ಟು ದುಂಡಗೆ.

ಇದು ಮಂಜೂರಾದರೆ ಸರ್ಟಿಫಿಕೇಟಿಲ್ಲ, ಹಡಗಿಲ್ಲ, ಮೂರು ವರ್ಷ ಇನ್ನೆಲ್ಲೂ ಪ್ರವೇಶವಿಲ್ಲ. ಬೆರಳು ಹೋದದ್ದೂ ಅವಳದೇ, ತಪ್ಪೂ ಅವಳದೇ! ಕಳ್ಳನನ್ನು ಬಿಟ್ಟು ಕಳವಾದ ಮನೆಯವನನ್ನು ಕಟ್ಟಿದ ಹಾಗೆ. ಆ ಕಟ್ಟಿದ ಹಗ್ಗವೂ ನನ್ನದೇ.

ಸಾಕ್ಷಿಯಾಗಿ ಇನ್ನೊಂದು ಸಹಿ ಹಾಕಿ ಅಂದರು ಸ್ಲೈಡ್ ಸಾಹೇಬರು. ದನಿ ಬೆಣ್ಣೆ.

"ನೋಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಆ ಗಂಟೆಗಳು ಸುಳ್ಳು ಅಂತಾದ್ರೆ ಮೊದಲು ಹೋಗೋದು ನಿಮ್ಮ ಲೈಸೆನ್ಸು. ಅವು ನಿಜ ಅನ್ನಿ, ಕಾಂಟ್ರ್ಯಾಕ್ಟು ನನಗೆ ಬಿಡಿ."

"ಬಿಟ್ಟಾಯ್ತು, ಸರ್," ಅಂದೆ.

ಒಪ್ಪಿದೆ ಎಂದುಕೊಂಡು ಪೆನ್ನು ಚಾಚಿದರು. ಅದೇ ಪೆನ್ನು. ಜೇಬಿಗೆ ಹಾಕಿಕೊಂಡು ಎದ್ದು ಬಂದೆ.

ಮಾರ್ಚ್ 28. ಬೆಳಿಗ್ಗೆ 7

ಹನ್ನೊಂದಕ್ಕೆ ಅಧಿಕಾರಿಯ ಮುಂದೆ ವಿಚಾರಣೆ. ಅರ್ಜಿ ನಾಲ್ಕು ಸಲ ಬರೆದು ಹರಿದೆ. ದಲ್ಲಾಳಿಗಳ ಬಾಯಿ ಮುಚ್ಚಿಸಿದವನಿಗೆ ಒಂದು ಕಾಗದ ಬರೆಯಲು ಬರುತ್ತಿಲ್ಲ. ಅರ್ಜಿ ಬೇಡ. ಈ ಡೈರಿಯನ್ನೇ ಕೊಡುತ್ತೇನೆ. ಯಾರೂ ಓದಬಾರದೆಂದು ಬರೆದದ್ದು, ಓದಲಿ. ಅವರು ಹುಡುಕಿಕೊಂಡು ಕೂರದ ಹಾಗೆ ಕೊನೆಯಲ್ಲಿ ಒಟ್ಟು ಲೆಕ್ಕ:

ಪುಸ್ತಕದಲ್ಲಿರುವ ಗಂಟೆ — ಅರವತ್ತು.

ಆ ಗಂಟೆಗಳಲ್ಲಿ ದೋಣಿ ಹೋದ ದೂರ — ಒಂದು ಮಾರು. ಅದೂ ಗಾಳಿಗೆ.

ಹಗ್ಗ ನಿಜವಾಗಿ ಬಿಚ್ಚಿದವರು — ಒಬ್ಬಳೇ. ಮೊದಲ ದಿನ. ಬಿಚ್ಚಬೇಡ ಎಂದವನು ನಾನು.

ಸುಳ್ಳು ಸಹಿ ಹಾಕಿದವನ ಪೂರ್ಣ ಹೆಸರು —