ಬೂಷ್ಟಿನ ಕೋಣೆಯ ಗಾಳಿ

ಮನೆಯಿಂದ,
ಭಾನುವಾರ, ಫೆಬ್ರವರಿ ೨೨

ಮುದ್ದಿನ ತಮ್ಮಾ,

ಹೇಗಿದ್ದೀಯ? ನಿನ್ನ ಹೆಂಡತಿ, ಮಗು ಆರಾಮಾಗಿದ್ದಾರಾ? ಮಗುವಿಗೆ ಹಲ್ಲು ಬರ್ತಿದೆ, ಒಂದೇ ಸಮನೆ ಅಳ್ತಾಳೆ ಅಂತ ಕಳೆದ ಸಲ ಫೋನಿನಲ್ಲಿ ನೀನು ಹೇಳಿದ್ದೆ. ಅದು ಯಾವ ಕಾಲದ ಮಾತು! ಈಗ ಅದೇ ಹಲ್ಲಲ್ಲಿ ನಿನ್ನನ್ನೇ ಕಚ್ಚೋವಷ್ಟು ದೊಡ್ಡವಳಾಗಿರ್ತಾಳೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯ ತಾನೇ? ಮೀಟಿಂಗು ಮೀಟಿಂಗು ಅಂತ ಖಾಲಿ ಹೊಟ್ಟೆಗೆ ಕಾಫಿ ಸುರ್ಕೊಂಡು ಆಮೇಲೆ ಎದೆ ಉರಿ ಅಂತ ಒದ್ದಾಡಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಎತ್ತೋದಿಲ್ಲ, ಎತ್ತಿದರೂ "ಅಕ್ಕ, ಆಮೇಲೆ ಮಾಡ್ತೀನಿ" ಅಂತೀಯ. ಕಾಗದವಾದರೆ ನೀನು ಓದೋವರೆಗೂ ಸುಮ್ಮನೆ ಮೇಜಿನ ಮೇಲೆ ಬಿದ್ದಿರುತ್ತೆ, ಪಾಪ.

ನಿನ್ನ ಭಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ಮೂಗಿಗೆ ಆಮ್ಲಜನಕದ ನಳಿಗೆ, ಪಕ್ಕದಲ್ಲಿ ಅದರ ಯಂತ್ರ. ಅದರ ಗೊರಗೊರ ಸದ್ದು ಈಗ ನಮಗೆ ಎಷ್ಟು ಅಭ್ಯಾಸವಾಗಿದೆ ಅಂದ್ರೆ, ಕರೆಂಟು ಹೋಗಿ ಅದು ನಿಂತಾಗಲೇ ನನಗೆ ಜೀವ ಝಲ್ ಅನ್ನೋದು. ಬಚ್ಚಲಿಗೆ ಹೋಗಿ ಬರೋದರಲ್ಲಿ ನಡುವೆ ಒಂದು ಸಲ ಗೋಡೆ ಹಿಡ್ಕೊಂಡು ನಿಲ್ತಾರೆ. ಆದರೂ ನೆನ್ನೆ ಕೇಳಿದರು, "ಬೂಷ್ಟಪ್ಪ ಫೋನ್ ಮಾಡಿದ್ನಾ?" ಅಂತ. ನಿನ್ನನ್ನ ಈಗಲೂ ಹಾಗೇ ಕರೆಯೋದು. ನಿನಗೆ ಪ್ರಶಸ್ತಿ ಬಂದದ್ದು ಪೇಪರಿನಲ್ಲಿ ನೋಡಿ ಹಿಗ್ಗಿಹೋದರು. ಕೋಟು ಹಾಕ್ಕೊಂಡು ನಿಂತಿರೋ ನಿನ್ನ ಫೋಟೋನ, ಹಾಲು ಹಾಕೋಳಿಗೂ ತೋರಿಸಿದರು. "ಹೊಲದ ಕಸದಿಂದ ಇಂಧನ ತೆಗೆದ ವಿಜ್ಞಾನಿ" ಅಂತ ಬರೆದಿದ್ದರು. ಆ ಕಸವನ್ನ ಕರಗಿಸೋ ಬೂಷ್ಟನ್ನ ನೀನು ಮೊದಲು ಬೆಳೆಸಿದ್ದು "ಒಂದು ಸಣ್ಣ ಪ್ರಯೋಗಾಲಯದಲ್ಲಿ" ಅಂತಲೂ ಇತ್ತು. ನನಗೆ ನಗು ಬಂತು ಕಣೋ. ಆ ಪ್ರಯೋಗಾಲಯದಲ್ಲಿ ದಿನಾ ಪಾತ್ರೆ ತೊಳೀತಿದ್ದವಳು ನಾನು.

ಪೇಪರಿನವರಿಗೆ ಗೊತ್ತಿಲ್ಲ, ಬಿಡು. ನಿನಗಾದರೂ ನೆನಪಿದೆಯಾ? ಅಪ್ಪ ಅಮ್ಮ ಹೋದ ಮೇಲೆ ನೀನು ನಮ್ಮ ಜೊತೆ ಇದ್ದೆ. ಕಾಲೇಜಿನಿಂದ ಬರುವಾಗ ಕೊಳೆತ ಜೋಳದ ದಂಟು ಹಿಡ್ಕೊಂಡು ಬಂದು, ಅದರ ಮೇಲಿನ ಹಸಿರು ಬೂಷ್ಟನ್ನ ಕೆರೆದು ನನ್ನ ಅಡುಗೆಮನೆ ಕಿಟಕಿಯಲ್ಲಿ ಸೀಸೆಗಳಲ್ಲಿ ಸಾಕಿದೆ. ಮನೆಯೆಲ್ಲ ಮುಗ್ಗಲು ವಾಸನೆ. ನಾನು ಎತ್ತಿ ಬಿಸಾಕ್ತೀನಿ ಅಂತ ಹಾರಾಡಿದಾಗ ನಿನ್ನ ಭಾವನೇ ಅಡ್ಡ ಬಂದರು. ಊಟಕ್ಕೆ ಕೂತಾಗ ನೀನು ಅವರಿಗೆ ಬಿಡಿಸಿ ಹೇಳಿದ್ದೆ: ಬೂಷ್ಟಿಗೆ ಹಲ್ಲಿಲ್ಲ, ಅದು ದಂಟಿನ ಮೇಲೆ ಒಂಥರಾ ಉಗುಳು ಬಿಡುತ್ತೆ, ಅದೇ ಕಿಣ್ವ, ಅದು ಒಣ ದಂಟನ್ನೂ ಕರಗಿಸಿ ಸಕ್ಕರೆ ಮಾಡುತ್ತೆ, ಆ ಸಕ್ಕರೆ ನೀರು ಹುಳಿಯೆದ್ದರೆ ಗಾಡಿ ಓಡಿಸೋ ಎಣ್ಣೆ. ಅವರು ತುತ್ತು ಕೈಯಲ್ಲೇ ಹಿಡ್ಕೊಂಡು, "ಅಂದ್ರೆ ನಾಳೆಯಿಂದ ನಮ್ಮ ಮನೇಲಿ ಉಗುಳಿನ ವ್ಯಾಪಾರ ಅನ್ನು!" ಅಂದಿದ್ದರು. ನಕ್ಕೂ ನಕ್ಕೂ ನಿನಗೆ ನೆತ್ತಿಗೇರಿತ್ತು. ಅವತ್ತಿಂದಲೇ ನೀನು ಬೂಷ್ಟಪ್ಪ. ಮಾರನೇ ದಿನವೇ ಯಾರದೋ ಬಾಗಿಲಿನ ಕೆಲಸ ಪಕ್ಕಕ್ಕಿಟ್ಟು, ನಿನಗೆ ಅಂತ ಮರದ ಟ್ರೇಗಳನ್ನ ಮಾಡಿದರು. ತಮ್ಮ ಬಡಗಿ ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿ ಕೊಟ್ಟರು. ನಿನ್ನ ಬೂಷ್ಟು ಅಲ್ಲೇ ಮೈ ತುಂಬಿ ಬೆಳೆದದ್ದು, ಕಂಪನಿಯವರು ಬಂದು ಬೆರಗಾಗಿ ನೋಡಿದ್ದೂ ಅಲ್ಲೇ.

ಕಾರ್ಖಾನೆ ಎದ್ದಾಗ ನೀನೇ ಅವರನ್ನ ಕರೆದೆ. "ಟ್ರೇ ಕೋಣೆಗೆ ನಂಬಿಕಸ್ತರು ಬೇಕು ಭಾವ, ನಿಮ್ಮನ್ನ ಬಿಟ್ಟರೆ ಯಾರಿದ್ದಾರೆ" ಅಂದೆ. ಸ್ವಂತ ಅಂಗಡಿಗೆ ಬೀಗ ಹಾಕಿ ಬಂದರು. ಒಂದು ಮಾತು ಎದುರಾಡಲಿಲ್ಲ. ಮೊದಮೊದಲು ಎಲ್ಲ ಚೆನ್ನಾಗೇ ಇತ್ತು. ಆ ಕೋಣೆಗೆ ನಾನೂ ಬಂದಿದ್ದೀನಿ, ಬುತ್ತಿ ಕೊಡೋಕೆ. ಹಬೆ ಕಟ್ಟಿದ ಬಚ್ಚಲಿನ ಹಾಗೆ ಬೆಚ್ಚಗೆ, ಸೂರಿನವರೆಗೂ ಟ್ರೇಗಳು, ಒಂದೊಂದರಲ್ಲೂ ಬೇಯಿಸಿದ ದಂಟಿನ ಮೇಲೆ ಹಸಿರು ಹಾಸು. ಮಾಗಿದ ಹಾಸನ್ನ ಒಡೆದು ತೊಟ್ಟಿಗೆ ಸುರಿದಾಗ ಹಸಿರು ಪುಡಿ ಹೊಗೆಯ ಹಾಗೆ ಏಳ್ತಿತ್ತು. ಗೋಡೆಯ ದೊಡ್ಡ ಫ್ಯಾನುಗಳು ಅದನ್ನೆಲ್ಲ ಹೊರಗೆ ಎಳೆದುಹಾಕ್ತಿದ್ದವು. ಆಮೇಲೆ ಒಂದು ದಿನ ಫ್ಯಾನು ನಿಂತವು. ನೀನು ನನ್ನ ಮನೆಯಲ್ಲೇ ಊಟ ಮಾಡ್ತಾ ಹೇಳಿದೆ, ನಾನು ಬಡಿಸ್ತಾ ನಿಂತಿದ್ದೆ: "ಫ್ಯಾನ್ ಓಡಿದ್ರೆ ಬೂಷ್ಟು ಒಣಗುತ್ತೆ ಅಕ್ಕ, ಕಿಣ್ವ ಕಮ್ಮಿ ಬರುತ್ತೆ. ಈ ಸೀಸನ್ ಮುಗಿಯಲಿ ಅಂತ ನಾನೇ ನಿಲ್ಲಿಸಿದ್ದೀನಿ." ಎಲ್ಲರಿಗೂ ಮೂಗಿಗೆ ಕಟ್ಟಿಕೊಳ್ಳೋಕೆ ಒಂದೊಂದು ಬಟ್ಟೆ ಕೊಡಿಸಿದೆ. ಆ ಸೀಸನ್ ಮುಗೀತು, ಮುಂದಿನದೂ ಮುಗೀತು.

ಇವರಿಗೆ ಕೆಲಸ ಮುಗಿಸಿ ಬಂದ ಸಂಜೆ ಮೈ ಬಿಸಿ, ಚಳಿ, ಕೆಮ್ಮು. ರಜೆ ಇದ್ದ ದಿನ ಏನೂ ಇಲ್ಲ, ಗುಂಡುಕಲ್ಲು. ನಿನಗೆ ಹೇಳಿದರು. "ಸ್ವಲ್ಪ ತಡ್ಕೊಳ್ಳಿ ಭಾವ, ಹೊಸ ಯಂತ್ರ ಬರುತ್ತೆ, ಆಮೇಲೆ ಕೈಯಲ್ಲಿ ಮುಟ್ಟೋ ಕೆಲಸವೇ ಇರಲ್ಲ" ಅಂದೆ. ಬಂದದ್ದು ಯಂತ್ರವಲ್ಲ, ನಿನಗೆ ಮುಖ್ಯ ಕಚೇರಿಗೆ ಬಡ್ತಿ. ಹೊರಡೋ ದಿನ ಇವರು ಕೆಮ್ಮುತ್ತಲೇ ನಿನ್ನ ಪೆಟ್ಟಿಗೆ ಕಾರಿಗೆ ಎತ್ತಿಟ್ಟರು. ಈಗ ಡಾಕ್ಟರು ಹೇಳ್ತಾರೆ, ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗಿದೆ, ಉಸಿರಲ್ಲಿ ಹೋದ ಆ ಪುಡಿಯಿಂದಲೇ, ಹೋದದ್ದು ಹೋಯ್ತು, ವಾಪಸ್ಸು ಬರೋದಿಲ್ಲ. ಕೀಸುಳಿ ಹಿಡಿದು ಹಲಗೆ ನಯ ಮಾಡ್ತಿದ್ದ ಮನುಷ್ಯನಿಗೆ ಇವತ್ತು ಅಂಗಿ ಗುಂಡಿ ಹಾಕಿಕೊಂಡರೆ ಸುಸ್ತು.

ಕಂಪನಿ ಮೇಲೆ ದೂರು ಕೊಟ್ಟು ನಾವು ಕಾರ್ಮಿಕ ಇಲಾಖೆಯ ವಿಚಾರಣೆಗೆ ಹೋದದ್ದು ನಮಗಾಗಿ ಮಾತ್ರವಲ್ಲ. ಆ ಕೋಣೆಯಲ್ಲಿ ಈಗಲೂ ಹೆಂಗಸರು ಟ್ರೇ ಒಡೀತಿದ್ದಾರೆ, ಅವರಲ್ಲಿ ಒಬ್ಬಳು ಬಸುರಿ. ಫ್ಯಾನು ಕೆಟ್ಟಿದ್ದವು, ಯಾರೂ ನಿಲ್ಲಿಸಿಲ್ಲ ಅಂತ ಕಂಪನಿ ವಕೀಲರು ಸಾಧಿಸಿದರು. ಅದು ಅವರ ಕಸುಬು, ಹೇಳಲಿ. ಆದರೆ ಆಮೇಲೆ, "ಇವರಿಗೆ ಚಿಕ್ಕಂದಿನಿಂದ ಉಬ್ಬಸ ಇತ್ತು. ಇವರ ಸ್ವಂತ ಬಾಮೈದನೇ ನಮಗೆ ಹೇಳಿದ್ದಾರೆ" ಅಂದರು. ಚಿಕ್ಕಂದಿನಿಂದ ಉಬ್ಬಸ ಇದ್ದದ್ದು ಯಾರಿಗೋ? ಬಿಸಿನೀರಿನ ಪಾತ್ರೆ ಮುಂದಿಟ್ಟು, ತಲೆ ಮೇಲೆ ಟವೆಲ್ ಹೊದಿಸಿ, ನಿನ್ನ ಬೆನ್ನು ಸವರ್ತಾ ಕೂರ್ತಿದ್ದವಳು ನಾನಲ್ವಾ? ನಿನ್ನ ಕಾಯಿಲೆ ತೆಗೆದು ಅವರ ಎದೆಗೆ ಅಂಟಿಸಿಬಿಟ್ಟೆಯಲ್ಲೋ! ಉಂಡ ಮನೆಗೆ ಎರಡು ಬಗೆಯೋರ ಬಗ್ಗೆ ಕೇಳಿದ್ದೆ. ಅಂಥವನಿಗೆ ನಾನೇ ಬಡಿಸಿದ್ದೀನಿ ಅಂತ ಗೊತ್ತಿರಲಿಲ್ಲ.

ನಿನ್ನ ಭಾವ ಮಾತ್ರ ಹೊರಗಿನ ಬೆಂಚಿನ ಮೇಲೆ ಕೂತು, ಉಸಿರು ಸುಧಾರಿಸ್ಕೊಂಡು, "ಪಾಪ, ಅವನಿಗೆ ಮೇಲಿನವರದ್ದು ಏನು ಒತ್ತಡವೋ" ಅಂದರು. ಆಮೇಲೆ ನನ್ನ ಕೈ ಹಿಡಿದು, "ಫ್ಯಾನಿನ ಮಾತು ಎತ್ತಬೇಡ. ಮನೆ ಹುಡುಗ. ಅವನ ಹೆಸರು ನಮ್ಮ ಬಾಯಲ್ಲಿ ಬರಬಾರದು" ಅಂದರು. ಅವರ ಒಳ್ಳೆತನ ನೋಡಿ ನನಗೆ ಅಳು ಬರಲಿಲ್ಲ, ಮೈ ಉರಿದುಹೋಯ್ತು. ಒಳ್ಳೇವರ ಹೆಗಲ ಮೇಲೆ ಹತ್ತಿ ನಿಂತವರೇ ಎಲ್ಲರಿಗೂ ಎತ್ತರವಾಗಿ ಕಾಣೋದು.

ಅಳ್ತಾ ಬರೀತಿದ್ದೀನಿ ಅಂದ್ಕೋಬೇಡ. ಒಲೆ ಮೇಲೆ ಹಾಲಿಟ್ಟಿದ್ದೀನಿ, ಅದರ ಕಡೆ ಒಂದು ಕಣ್ಣು ಇದೆ. ಮಗುವಿಗೆ ಈ ಅತ್ತೆಯ ಮುತ್ತು. ನಿನ್ನ ಹೆಂಡತಿಗೆ ಇದ್ಯಾವುದೂ ಗೊತ್ತಿರಲಾರದು, ಅವಳನ್ನ ಕೇಳಿದೆ ಅಂತ ಹೇಳು. ನಿನಗೆ ಆಶೀರ್ವಾದ ಅಂತ ಬರೆಯೋಕೆ ಹೊರಟೆ, ಪೆನ್ನು ಮುಂದೆ ಹೋಗ್ತಿಲ್ಲ. ಆಯಸ್ಸು ಗಟ್ಟಿಯಾಗಿರಲಿ, ಅಷ್ಟು ಸಾಕು.

ಇಂತಿ,
ನಿನ್ನ ಅಕ್ಕ

ತಾ.ಕ.: ಇವರು ನಿದ್ದೆ ಹೋಗಿದ್ದಾರೆ, ಎದ್ದೇಳೋದರೊಳಗೆ ಬರೆದುಬಿಡ್ತೀನಿ. ಗುರುವಾರ ಡಾಕ್ಟರ ಹತ್ತಿರ ಔಷಧಿ ತರ್ತೀನಿ ಅಂತ ಹೇಳಿ, ನಾನೊಬ್ಬಳೇ ವಿಚಾರಣೆಯ ಅಧಿಕಾರಿ ಮುಂದೆ ಹೋಗಿ ಕೂತೆ. ಫ್ಯಾನು ನಿಲ್ಲಿಸಿದ್ದು ಯಾರು, ಯಾಕೆ, ನನ್ನ ಮನೆಯಲ್ಲಿ ಕೂತು ನೀನು ಏನಂದೆ, ಉಬ್ಬಸ ಯಾರದ್ದು, ಎಲ್ಲಾ ಹೇಳಿದೆ. ನಿನ್ನ ಹೆಸರು ಎರಡು ಸಲ ಕೇಳಿದರು, ಎರಡು ಸಲವೂ ಹೇಳಿದೆ. ನೆನ್ನೆ ಆ ಬಸುರಿ ಹೆಂಗಸು ಬಂದಿದ್ದಳು. ಫ್ಯಾನು ಓಡ್ತಿವೆಯಂತೆ, ಬೂಷ್ಟು ಒಣಗ್ತಿದೆಯಂತೆ. ಇವರಿಗೆ ಇನ್ನೂ ಹೇಳಿಲ್ಲ. ಇಷ್ಟರಲ್ಲೇ ನಿನಗೆ ವಿಚಾರಣೆಯವರಿಂದ ಕರೆ ಬರುತ್ತೆ. ಚಾಡಿ ಹೇಳಿದ್ದು ಯಾರು ಅಂತ ಟ್ರೇ ಕೋಣೆಯ ಬಡಪಾಯಿಗಳ ಮೇಲೆ ಹರಿಹಾಯಬೇಡ. ನಾನೇ ಹೇಳಿದ್ದು.